ಭೀಮಶಾ ಮಿಸ್ತ್ರಿಯ ಹೆಬ್ಬೆರಳು

ಭೀಮಶಾ ಮಿಸ್ತ್ರಿಯ ಮುಖಕ್ಕಿಂತ ಅವರ ಪಾದಗಳೇ ನನಗೆ ಹೆಚ್ಚು ಪರಿಚಯ. ಗಾಡಿಯವರು ತೊಂದರೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಗೋಣಿತಟ್ಟು ಹಾಸಿ ಗಾಡಿಯ ಕೆಳಗೆ ನುಸುಳಿಬಿಟ್ಟಿರುತ್ತಿದ್ದರು. ಮುಂದಿನ ಮಾತುಕತೆಯೆಲ್ಲ ಹೊರಗುಳಿದ ಎರಡು ಪಾದಗಳ ಜೊತೆಗೇ. ನಮ್ಮ ಮಾತು ಹಿಡಿಸಿದರೆ ಕಾಲ್ಬೆರಳು ಅಲ್ಲಾಡುತ್ತಿದ್ದವು. ಹಿಡಿಸದಿದ್ದರೆ ಒಂದು ಪಾದ ಇನ್ನೊಂದರ ಮೇಲೇರಿ ಗಟ್ಟಿಯಾಗಿ ಕೂತುಬಿಡುತ್ತಿತ್ತು. ಅಫಜಲಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತ ದಿನವೂ ನೂರಾರು ಮುಖ ನೋಡುವ ನನಗೆ ಆ ಎರಡು ಪಾದಗಳು ಅರ್ಥವಾಗಲು ಒಂದು ವರ್ಷ ಬೇಕಾಯಿತು.

ಹವಳಗಾದ ನಿವೃತ್ತರೊಬ್ಬರ ಶೆಡ್ಡಿನಿಂದ ನಾನು ಹಳೆಯ ಜೀಪೊಂದನ್ನು ಕೊಂಡಾಗ ಮನೆಯವರೆಲ್ಲ ಹಣೆ ಚಚ್ಚಿಕೊಂಡರು. ನನಗೆ ಒಂದು ಕಡೆ ಕೂತಿರಲು ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಚಹಾ ಮುಗಿಯುವ ಮೊದಲೇ ಕೈ ಕೀಲಿ ಹುಡುಕುತ್ತದೆ. ಜೀಪಿಗೂ ನನ್ನದೇ ಕಾಯಿಲೆ. ಮೂರನೇ ಗೇರಿಗೆ ಹಾಕಿದರೆ ಅಲ್ಲಿ ನಿಲ್ಲದೆ ತಾನೇ ಹೊರಗೆ ಜಿಗಿಯುತ್ತಿತ್ತು. ಅತನೂರಿನ ದಾರಿಯಲ್ಲಿ ಎಡಗೈಯಿಂದ ಗೇರು ಒತ್ತಿ ಹಿಡಿದುಕೊಂಡೇ ಓಡಿಸಿದ ದಿನಗಳಿವೆ.

ಮಿಸ್ತ್ರಿಯ ಗ್ಯಾರೇಜೆಂದರೆ ಬಸ್ ನಿಲ್ದಾಣದ ಹಿಂದೆ ಬೇವಿನ ಮರಕ್ಕೆ ಆತು ನಿಂತ ತಗಡಿನ ಚಪ್ಪರ. ಆದರೆ ಹಳೆಯ ಗಾಡಿಯೊಳಗಿನ ಗೇರ್ ಬಾಕ್ಸ್ ಯಾವುದೆಂದು ಗುರುತಿಸುವುದರಲ್ಲಿ ಆಳಂದದಿಂದ ಜೇವರ್ಗಿಯವರೆಗೆ ಅವರದೇ ಹೆಸರು. ಗೇರ್ ಬಾಕ್ಸಿನ ಡಬ್ಬಿಯ ಮೇಲಿನ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ತಂತಿ ಬ್ರಶ್ಶಿನಿಂದ ಉಜ್ಜಿ, ನಂಬರಿನ ಮೇಲೆ ಸೀಮೆಸುಣ್ಣ ತಿಕ್ಕುತ್ತಿದ್ದರು. ಸೀಮೆಸುಣ್ಣಕ್ಕೆ ಅವರು ಖಡು ಎನ್ನುತ್ತಿದ್ದರು. “ಅಕ್ಕೋರ, ಕಾಲೇಜಿನ ಖಡು ತಂದೀರೇನ್ರಿ?” ಎಂದು ಜೀಪಿನ ಕೆಳಗಿನಿಂದಲೇ ಕೈ ಚಾಚುತ್ತಿದ್ದರು. ಅಂಕಿಗಳು ಬೆಳ್ಳಗೆ ಎದ್ದು ಕಂಡ ಮೇಲೂ ಅವರು ಕಣ್ಣಿಂದ ಓದುತ್ತಿರಲಿಲ್ಲ. ಅವುಗಳ ಮೇಲೆ ಬಲಗೈ ಹೆಬ್ಬೆರಳು ಆಡಿಸುತ್ತಿದ್ದರು.

“ಉಬ್ಬಿದ ನಂಬರ್ ಬರೇ ಡಬ್ಬೀದು ನೋಡ್ರಿ, ಎರಕ ಹೊಯ್ಯೂವಾಗ ಬಂದಿದ್ದು. ಬಡದು ಕೂಡಿಸಿದ ನಂಬರ್ ಒಳಗಿನ ಗೇರಿನ ಹಲ್ಲಿಂದು. ಮಂದಿ ಉಬ್ಬಿದ್ದು ಓದಿ ಸಾಮಾನ ತರ್ತಾರ, ಆಮ್ಯಾಲೆ ಅಳಕೋತ ಬರ್ತಾರ” ಎನ್ನುತ್ತಿದ್ದರು.

ಒಮ್ಮೆ ಆಳಂದದ ಯಜಮಾನರೊಬ್ಬರು ಬಿಳಿ ಅಂಬಾಸಿಡರ್ ತಂದು, ಇದರ ಒಂದು ಬೋಲ್ಟನ್ನೂ ಬದಲಿಸಿಲ್ಲ, ಎಲ್ಲ ಮೂಲದ್ದೇ ಎಂದು ಮೀಸೆ ತಿರುವಿದರು. ಮಿಸ್ತ್ರಿಯ ಒಂದು ಪಾದ ಇನ್ನೊಂದರ ಮೇಲೇರಿತು. “ಗಾಡಿ ನಿಮ್ಮದೇ ಅದರಿ ಧಣಿ. ಗೇರ್ ಬಾಕ್ಸ್ ಮಾತ್ರ ಯಾವುದೋ ವ್ಯಾನಿಂದು.” ಯಜಮಾನರು ರೇಗಿದರು. ಇಪ್ಪತ್ತು ವರ್ಷದಿಂದ ನಾನೇ ಓಡಿಸುತ್ತಿದ್ದೇನೆ ಎಂದರು. “ಇಪ್ಪತ್ತ ವರ್ಷ ಅರ್ಧಾ ವ್ಯಾನ್ ಓಡಿಸೀರಿ, ಖುಷಿಲೇ ಇರ್ರಿ” ಎಂದು ಕೆಳಗಿನಿಂದ ಉತ್ತರ ಬಂತು. ನಾನು ನಗು ತಡೆಯಲಾರದೆ ಬೇವಿನ ಮರದ ಆಚೆಗೆ ಹೋದೆ.

ನನ್ನ ಜೀಪಿನ ಸರದಿ ಬಂದ ದಿನ ಕಾಲೇಜಿಗೆ ಹೊತ್ತಾಗಿತ್ತು. ನಾನು ಗಡಿಯಾರ ನೋಡುತ್ತ ಅತ್ತಿಂದಿತ್ತ ತಿರುಗುತ್ತಿದ್ದೆ. ಮಿಸ್ತ್ರಿ ಹೆಬ್ಬೆರಳು ಆಡಿಸಿ, ಇದು ನಾಲ್ಕು ಗೇರಿನ ಹಳೆಯ ಮಾದರಿ ಎಂದರು. ನಾನು ಬಗ್ಗಿ ಮೊಬೈಲಿನಲ್ಲಿ ನಂಬರಿನ ಫೋಟೋ ತೆಗೆದು ಹಿಗ್ಗಿಸಿ ನೋಡಿದೆ. ಬಡಿದು ಕೂರಿಸಿದ ಅಂಕಿಗಳು ಸ್ವಚ್ಛವಾಗಿದ್ದವು, ಮತ್ತು ಅವು ಹೇಳುತ್ತಿದ್ದುದು ನಂತರದ ಮಾದರಿಯನ್ನು. “ಕಾಕಾ, ತಪ್ಪು ಓದೀರಿ! ಇಲ್ಲಿ ನೋಡ್ರಿ!” ಎಂದು ಪಾಠ ಮಾಡುವ ದನಿಯಲ್ಲೇ ಕೂಗಿದೆ. ಚಹಾ ಕುಡಿಯುತ್ತಿದ್ದ ಐದಾರು ಜನ ಮೊಬೈಲನ್ನು ಕೈಯಿಂದ ಕೈಗೆ ದಾಟಿಸಿದರು. “ಮಿಸ್ತ್ರಿ, ಕಣ್ಣ ತೋರಿಸ್ಕೋರಿ” ಎಂದು ಒಬ್ಬ ನಕ್ಕ.

ಮಿಸ್ತ್ರಿ ಹೊರಗೆ ಬಂದರು. ಮೊಬೈಲ್ ನೋಡಲಿಲ್ಲ. “ನಂಬರ್ ಹಂಗೇ ಇರಬೇಕ್ರಿ. ಬೆರಳಿಗಿ ಬ್ಯಾರೆ ಹತ್ತಾಕತ್ತದ. ಎರಡ ದಿನ ಗಾಡಿ ಬಿಡ್ರಿ, ಬಿಚ್ಚಿ ಹಲ್ಲ ಎಣಿಸಿ ಹೇಳ್ತೇನಿ” ಎಂದರು.

ಎರಡು ದಿನ ಕಾಯುವುದೆಂದರೆ ನನ್ನಿಂದಾಗದು. ಸೊಲ್ಲಾಪುರಕ್ಕೆ ಸಾಮಾನು ಹೇಳಿ ಬೇರೆ ಗ್ಯಾರೇಜಿಗೆ ಕೊಟ್ಟೆ. ಸಾಮಾನು ಬರಲು ತಿಂಗಳ ಮೇಲಾಯಿತು. ಬಿಚ್ಚಿ ನೋಡಿದರೆ ಒಂದೂ ಕೂಡಲಿಲ್ಲ. ಒಳಗಿದ್ದದ್ದು ಮಿಸ್ತ್ರಿ ಹೇಳಿದ ಹಳೆಯ ಮಾದರಿಯೇ. ಹಿಂದೆ ಯಾರೋ ಕಾಗದಪತ್ರಕ್ಕೆ ಹೊಂದಿಸಲು ಮೂಲ ನಂಬರನ್ನು ಅರದಿಂದ ಉಜ್ಜಿ, ಅದರ ಮೇಲೆ ಹೊಸದು ಬಡಿದಿದ್ದರು. ಆ ಉಜ್ಜಿದ ತಗ್ಗು, ಅದರಲ್ಲಿ ಉಳಿದಿದ್ದ ಹಳೆಯ ಅಂಕಿಗಳ ಗುರುತು ಫೋಟೋದಲ್ಲಿ ಕಾಣುತ್ತಿರಲಿಲ್ಲ. ನಾನೇ ಹೆಬ್ಬೆರಳಿಟ್ಟು ನೋಡಿದೆ, ಸಿಕ್ಕಿತು.

ಬೇವಿನ ಮರದ ಹತ್ತಿರ ಓಡಿದರೆ ಚಪ್ಪರಕ್ಕೆ ಬೀಗ. ಅಂದಿನಿಂದ ಗಾಡಿ ತಂದವರೆಲ್ಲ ಮೊದಲು ಅವರ ಕಣ್ಣಿನ ವಿಷಯ ಕೇಳತೊಡಗಿದ್ದರಂತೆ. ಒಂದು ತಿಂಗಳು ಸಹಿಸಿಕೊಂಡು, ಜೇವರ್ಗಿಯ ಮಗಳ ಮನೆಗೆ ಹೋಗಿಬಿಟ್ಟಿದ್ದರು. ಹಳೆಯ ಸಾಮಾನನ್ನೇ ಮತ್ತೆ ಜೋಡಿಸಿಕೊಂಡು ಮರುದಿನವೇ ಜೀಪು ಹತ್ತಿದೆ.

ಮಗಳ ಮನೆಯ ಅಂಗಳದಲ್ಲಿ ಮಿಸ್ತ್ರಿ ಸಿಕ್ಕರು. “ಕಣ್ಣಿಗಿ ಪೊರಿ ಬಂದು ಎರಡ ವರ್ಷ ಆತ್ರಿ. ಮಂದಿ ಸುಳ್ಳ ಏನ ಹೇಳಿಲ್ಲ. ಬೆರಳಿನ ಮ್ಯಾಲೆ ನಡದಿತ್ತು” ಎಂದರು. ನಾನು ತಲೆ ತಗ್ಗಿಸಿ, “ಕಾಕಾ, ನೀವು ಹೇಳಿದ್ದೇ ಖರೆ ಇತ್ತರಿ. ತಪ್ಪು ನಂದು” ಎಂದೆ.

“ಅವತ್ತ ಭಾಳ ಜೋರಾಗಿ ಹೇಳಿದ್ರಿ ಅಕ್ಕೋರ,” ಎಂದರು ಮಿಸ್ತ್ರಿ. “ಇವತ್ತ ಭಾಳ ಸಣ್ಣ ದನಿ ಆಗ್ಯಾದ ನಿಮ್ಮದು.”

ಅದರಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ನಾಟಿತು. ಸೋಮವಾರ ಬಂದು ಕರೆದುಕೊಂಡು ಹೋಗುತ್ತೇನೆ, ಗ್ಯಾರೇಜಿನ ಮುಂದೆ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ ಎಂದು ಮಾತು ಕೊಟ್ಟೆ. “ಬರ್ತೇನಿ” ಎಂದರು. ಆ ಸೋಮವಾರ ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆ ಬಂತು. ಮುಂದಿನ ಸೋಮವಾರ ಕಿಣ್ಣಿ ಸುಲ್ತಾನದಲ್ಲಿ ಗೆಳತಿಯ ಮನೆಯ ಕಾರ್ಯ. ಕೂತಲ್ಲಿ ಕೂರಲಾರದ ನಾನು ಎಲ್ಲೆಲ್ಲಿಗೋ ಓಡಾಡಿದೆ, ಜೇವರ್ಗಿಗೆ ಹೋಗಲಿಲ್ಲ, ಒಂದು ಫೋನನ್ನೂ ಮಾಡಲಿಲ್ಲ. ಮೂರನೆಯ ವಾರ ಸುದ್ದಿಯೇ ಬಂತು. ನಸುಕಿನಲ್ಲಿ ಎದೆನೋವು ಬಂದು ತೀರಿಕೊಂಡರಂತೆ.

ಜೇವರ್ಗಿಯಲ್ಲಿ ಅವರ ಮಣ್ಣು ಮುಗಿಸಿಕೊಂಡು ಬಂದು ನೇರ ಬೇವಿನ ಮರದ ಹತ್ತಿರ ಜೀಪು ನಿಲ್ಲಿಸಿದೆ. ಅದೇ ಐದಾರು ಜನ ಚಹಾ ಕುಡಿಯುತ್ತಿದ್ದರು. ಅಂದು ತಪ್ಪು ಓದಿದವಳು ನಾನು, ಮಿಸ್ತ್ರಿ ಹೇಳಿದ್ದೇ ಸರಿ ಎಂದು ಬಸ್ ನಿಲ್ದಾಣಕ್ಕೆ ಕೇಳುವಷ್ಟು ಜೋರಾಗಿ ಹೇಳಿದೆ.

“ಅದೆಲ್ಲ ಯಾರಿಗಿ ನೆನಪದ ಬಿಡ್ರಿ ಅಕ್ಕೋರ” ಎಂದ ಅವರಲ್ಲೊಬ್ಬ.

ಅಪ್ಪ ಎರಡು ಸೋಮವಾರವೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಂಜೆಯವರೆಗೆ ಬಾಗಿಲಲ್ಲಿ ಕೂತಿದ್ದರೆಂದು ಮಿಸ್ತ್ರಿಯ ಮಗಳು ಮಣ್ಣಿನ ಹೊತ್ತಿಗೆ ನನಗೆ ಹೇಳಿದ್ದಳು.