ಘಾಟು ಬಾರದ ಮೆಣಸಿನಕಾಯಿ

ಮೊನ್ನೆ ನವನಗರದ ನಮ್ಮ ಅಡುಗೆಮನೆಯಲ್ಲಿ ಒಣಮೆಣಸಿನಕಾಯಿಯೊಂದು ಉರಿಗೆ ಬಿದ್ದು ಸುಟ್ಟುಹೋಯಿತು. ಸೀನುತ್ತ ಕಿಟಕಿ ತೆರೆದೆ. ಇಂಥ ಘಾಟಿಗಾಗಿಯೇ ಒಂದು ಕಾಲದಲ್ಲಿ ನಮ್ಮಜ್ಜಿ ಹಂಬಲಿಸಿದ್ದಳು. ಹಳೇ ಹುಬ್ಬಳ್ಳಿಯ ಆಗಿನ ನಮ್ಮ ಮನೆಯ ಪಡಸಾಲೆಯಲ್ಲಿ ವರ್ಷ ತುಂಬದ ನನ್ನ ತಮ್ಮನಿಗೆ ಅವಳು ದಿನವೂ ದೃಷ್ಟಿ ತೆಗೆಯುತ್ತಿದ್ದಳು. ಹಿಡಿ ಉಪ್ಪು, ಐದು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕುವುದು. ಘಾಟೆದ್ದು ಮನೆಮಂದಿ ಕೆಮ್ಮಿದರೆ ಕೂಸು ಕ್ಷೇಮ. ಕೆಮ್ಮದಿದ್ದರೆ ಯಾರದೋ ಕಣ್ಣು ಬಿದ್ದಿದೆ ಎಂದರ್ಥ. ನಮ್ಮ ಮನೆಯಲ್ಲಿ ಒಂದು ದಿನವೂ ಯಾರೂ ಕೆಮ್ಮಲಿಲ್ಲ.

ಆ ಕಣ್ಣು ಹಿತ್ತಲಾಚೆಯ ಬೀಬಿಜಾನಳದೆಂದು ಅಜ್ಜಿ ತೀರ್ಮಾನಿಸಿದಳು. ಬೀಬಿಜಾನ್ ಹೊಲಿಗೆ ಮಷಿನ್ ರಿಪೇರಿಯ ಕಾಕಾನ ಹೆಂಡತಿ. ಮಕ್ಕಳಿರಲಿಲ್ಲ. ಮಧ್ಯಾಹ್ನವಾದರೆ ಬಂದು, ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು, ಸುಮ್ಮನೆ ಅವನ ಮುಖ ನೋಡುತ್ತ ಕೂಡುವಳು. ಅವನು ಹಾಲು ಕಕ್ಕಿದ ದಿನ ಅಜ್ಜಿ ಅವಳನ್ನು ಬಾಗಿಲಲ್ಲೇ ತಡೆದಳು.

"ಇನ್ನ ಕೂಸಿನ್ನ ನೋಡಾಕ ಬರಬ್ಯಾಡವಾ."

"ನಾ ಮಾಶಾಲ್ಲಾ ಅಂದ ನೋಡ್ತೇನ್ರಿ ಅವ್ವಾರ. ಹಂಗಂದ್ರ ಕಣ್ಣ ಹತ್ತಂಗಿಲ್ಲ."

"ಅದು ನಿಮ್ಮ ಮನ್ಯಾಗ ನಡೀತೈತಿ. ನಮ್ಮ ಹೊಸ್ತಿಲಾ ದಾಟಂಗಿಲ್ಲ."

ಎಂಟು ದಿನ ಬೀಬಿಜಾನ್ ಬರಲಿಲ್ಲ. ಮಧ್ಯಾಹ್ನವಾದರೆ ತಮ್ಮ ಬಾಗಿಲ ಕಡೆ ಹೊರಳಿ ಹೋ ಎಂದು ಅಳುವನು. ಅಜ್ಜಿ ಅದಕ್ಕೂ ಮೆಣಸಿನಕಾಯಿ ಸುಟ್ಟಳು. ಘಾಟಿಲ್ಲ.

"ಅಲ್ಲಿಂದನ ನೋಡಾಕತ್ತಾಳ!"

"ನಡುವ ಗ್ವಾಡಿ ಐತೆಲ್ಲಬೇ," ಎಂದೆ ನಾನು.

"ಕಣ್ಣಿಗೆ ಯಾವ ಗ್ವಾಡಿ, ಸುಮ್ಮನ ಕೂಡು."

ಒಂಬತ್ತನೆಯ ದಿನ ಬೀಬಿಜಾನ್ ಬಂದೇ ಬಂದಳು. ಹೊಸ್ತಿಲಾಚೆ ನಿಂತು, ಒಳಗೆ ನೋಟ ಹರಿಯದಂತೆ ಮುಖ ಬೀದಿಗೆ ತಿರುಗಿಸಿಕೊಂಡೇ ಕೇಳಿದಳು.

"ಅವ್ವಾರ, ಯಾವ ಮೆಣಸಿನಕಾಯಿ ಸುಡ್ತೀರಿ?"

"ಬ್ಯಾಡಗಿ. ಕೂಸಿನ ಕೆಲಸಕ್ಕ ಬಣ್ಣ ಛಲೋ ಇರಬೇಕಲ್ಲಾ."

"ಬ್ಯಾಡಗೀಗೆ ಬಣ್ಣ ಅಷ್ಟರಿ, ಖಾರೆಲ್ಲೈತಿ? ಊರ ಮಂದಿ ಒಬ್ಬರೂ ಕೂಸಿನ್ನ ನೋಡದಿದ್ರೂ ಘಾಟು ಬರಂಗಿಲ್ಲ. ತಗೋರಿ, ಗುಂಟೂರು." ಐದು ಮೆಣಸಿನಕಾಯಿ ಹಿಡಿದ ಕೈ ಮಾತ್ರ ಹಿಂದಕ್ಕೆ ಚಾಚಿದಳು.

ಅಜ್ಜಿ ಹಟದಿಂದಲೇ ಐದನ್ನೂ ನಿವಾಳಿಸಿ ಕೆಂಡಕ್ಕೆ ಸುರಿದಳು. ಮರುಕ್ಷಣ ಇಡೀ ಮನೆ ಬೀದಿಯಲ್ಲಿತ್ತು. ಮೈಗೆ ನೀರು ಹಾಕಿಕೊಳ್ಳುತ್ತಿದ್ದ ಅಜ್ಜ ಟವೆಲ್ಲಿನಲ್ಲೇ ಬಂದು, ಯಾರ ಮನೆಗೆ ಬೆಂಕಿ ಬಿತ್ತೆಂದು ಕೇಳುತ್ತಿದ್ದ. ಕೆಮ್ಮಿ ಕೆಮ್ಮಿ ಬಾಗಿದ್ದ ಅಜ್ಜಿ, ಸೆರಗಿನಿಂದ ಮುಚ್ಚಿ ತಂದಿದ್ದ ತಮ್ಮನನ್ನು ಬೀಬಿಜಾನಳ ತೋಳಿಗೆ ಹಾಕಿದಳು.

"ಹಿಡಿ. ಎಷ್ಟ ನೋಡ್ತಿ ನೋಡು."

ಉರಿಗೆ ಬೀಬಿಜಾನಳಿಗೆ ಕಣ್ಣೇ ತೆರೆಯಲಾಗಲಿಲ್ಲ. ಕಣ್ಣು ಮುಚ್ಚಿಕೊಂಡೇ ಬೆರಳಿನಿಂದ ಅವನ ಹಣೆ, ಹುಬ್ಬು, ಗಲ್ಲ ಸವರುತ್ತ ನಿಂತಳು.

ಆ ಮನೆ ಈಗ ಅಂಗಡಿಸಾಲಾಗಿದೆ, ಅಜ್ಜಿ, ಬೀಬಿಜಾನ್ ಇಬ್ಬರೂ ಇಲ್ಲ. ತಮ್ಮನ ಗಡ್ಡ ನೆರೆತಿದೆ. ಹಬ್ಬಕ್ಕೆ ಬರುತ್ತಾನೆ, ಉಂಡು ಹೋಗುತ್ತಾನೆ. ಕಣ್ಣು ಹತ್ತುವಷ್ಟು ಹೊತ್ತು ಅವನನ್ನು ನೋಡುತ್ತ ಕೂಡುವವರು ಯಾರೂ ಉಳಿದಿಲ್ಲ.