ಸುವಾರ್ತಮ್ಮನ ರೊಟ್ಟಿಯೂ ಗುರುಬಸಮ್ಮನ ಆಣೆಯೂ

ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿನ ನಮ್ಮ ಓಣಿಯಲ್ಲಿ ಸುವಾರ್ತಮ್ಮ ಬಡಿಯುತ್ತಿದ್ದ ಜೋಳದ ರೊಟ್ಟಿ ಎಷ್ಟು ತೆಳುವಾಗಿರುತ್ತಿತ್ತೆಂದರೆ, ಕಣ್ಣಿಗೆ ಅಡ್ಡ ಹಿಡಿದುಕೊಂಡು ಪೇಪರು ಓದಬಹುದಿತ್ತು. ನಾನೇ ಓದಿದ್ದೇನೆ. ಒಮ್ಮೆ ಒಣಗಲು ಇಟ್ಟಿದ್ದ ರೊಟ್ಟಿಯೊಂದು ಗಾಳಿಗೆ ಹಾರಿ, ಹಡಗಲಿ ಬಸ್ಸಿನ ಕಿಟಕಿಯೊಳಗೆ ತೂರಿ, ಹಸಿದು ಕೂತಿದ್ದ ಒಬ್ಬ ಮೇಷ್ಟ್ರ ತೊಡೆಯ ಮೇಲೆ ಬಿತ್ತೆಂದೂ, ಅವರು ಅದನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ತಿಂದರೆಂದೂ ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಅದನ್ನು ಕೇಳಿ ಎಲ್ಲರೂ ನಕ್ಕರು, ಸುವಾರ್ತಮ್ಮ ಮಾತ್ರ ನಗಲಿಲ್ಲ.

"ಬರೇ ರೊಟ್ಟಿ ತಿಂದ್ರೇನು? ಪಾಪ, ಪಲ್ಯ ಇರಲಿಲ್ಲೇನು?" ಅಂದಳು.

ಅಂಥ ಹೆಂಗಸು. ನಮಸ್ಕಾರ, ಚೆನ್ನಾಗಿದ್ದೀರಾ ಎಂಬ ಮಾತುಗಳು ಅವಳ ಬಾಯಲ್ಲಿ ಬರುತ್ತಲೇ ಇರಲಿಲ್ಲ. "ಉಂಡ್ರೇನು?" ಅದೊಂದೇ. ಹರಪನಹಳ್ಳಿ ಬಸ್ಸು ತಪ್ಪಿಸಿಕೊಂಡವರು, ಸರ್ಕಾರಿ ದವಾಖಾನೆಗೆ ಕೂಸು ತೋರಿಸಲು ಬಂದ ಕೊಟ್ಟೂರಿನ ಕಡೆಯ ಬಾಣಂತಿಯರು, ಉಜ್ಜಿನಿ ಜಾತ್ರೆಗೆ ಹೊರಟು ಅರ್ಧ ದಾರಿಯಲ್ಲಿ ಕಾಲು ಸೋತ ಮುದುಕರು, ಯಾರಾದರೂ ಸರಿ, ಅವಳ ಮನೆಯ ಚಾಪೆಯ ಮೇಲೆ ಇರುತ್ತಿದ್ದರು. ಅವರ ಕುಲ ಯಾವುದು, ಗೋತ್ರ ಯಾವುದು ಎಂದು ಅವಳು ಕೇಳಿದವಳಲ್ಲ. ಅವರು ಅವಳದನ್ನು ಕೇಳುತ್ತಿದ್ದರು. ಕೇಳಿ ಕೆಲವರು ಎದ್ದು ಹೋಗುತ್ತಿದ್ದರು. ಹೋದವರಿಗೆ ಬಾಗಿಲ ತನಕ ಬಂದು ಬಾಳೆಹಣ್ಣು ಕೊಡುತ್ತಿದ್ದಳು. ಸುಲಿಯದ ಹಣ್ಣಿಗೆ ಮೈಲಿಗೆ ಇಲ್ಲ ನೋಡಿ.

ಮೊದಲಿಗೆ ಅವಳು ದ್ಯಾಮಕ್ಕ. ಕೂಡ್ಲಿಗಿ ಕಡೆಯ ಕೂಲಿ ಮನೆತನದವಳು. ಗಂಡ ಹನುಮಣ್ಣ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. ಅವನು ಎರಡು ಚೀಲ ಮೆಕ್ಕೆಜೋಳವನ್ನು ಬೆನ್ನ ಮೇಲೆ, ಒಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಲಾರಿ ಹತ್ತುತ್ತಿದ್ದ ಎಂದರೆ ನೀವು ನಂಬುವುದಿಲ್ಲ, ಬಿಡಿ. ಇವರ ಮೊದಲ ಕೂಸು ದೂರದ ದವಾಖಾನೆಯಲ್ಲಿ ತೀರಿಕೊಂಡಾಗ ದ್ಯಾಮಕ್ಕನಿಗೆ ಎದ್ದು ಕೂರಲೂ ತ್ರಾಣವಿರಲಿಲ್ಲವಂತೆ. ಅಲ್ಲಿನ ಒಬ್ಬ ನರ್ಸಮ್ಮ, ಗುರುತಿಲ್ಲ, ಪರಿಚಯವಿಲ್ಲ, ಅವಳನ್ನು ತನ್ನ ಬಾಡಿಗೆ ಮನೆಗೆ ಕರೆದೊಯ್ದು, ಇದ್ದ ಒಂದೇ ಮಂಚ ಬಿಟ್ಟುಕೊಟ್ಟು, ತಾನು ನೆಲದ ಮೇಲೆ ಮಲಗಿದಳು. ತಲೆ ಬಾಚಿ ಹೆಣೆದಳು.

"ಒಂದಿನಾನೂ ಯೇಸುಸ್ವಾಮಿ ಹೆಸರು ತಗೀಲಿಲ್ರಿ ಆಕಿ. ಮಂಚ ಬಿಟ್ಟುಕೊಟ್ಲು. ನಾನ ಕೇಳಿದೆ, ನಿನಗ ಇದನ್ನ ಯಾರು ಕಲಿಸಿದ್ರವ್ವ ಅಂತ" ಎಂದು ನಮ್ಮೆದುರು ಹೇಳುತ್ತಿದ್ದಳು.

ಗಂಡ ಹೆಂಡತಿ ಇಬ್ಬರೂ ದೀಕ್ಷಾಸ್ನಾನ ತೆಗೆದುಕೊಂಡರು. ಪಾಸ್ಟರು ಅವಳಿಗೆ ಸುವಾರ್ತಮ್ಮ ಎಂದು ಹೆಸರಿಟ್ಟರು. ಮನೆಯ ಮುಂದೆ ಹಾಕಿದ ತಗಡಿನ ಚಪ್ಪರವೇ ಸಭೆ. ಭಾನುವಾರ ನಾಲ್ಕಾರು ಮನೆಯವರು ಸೇರಿ ಹಾಡಿ, ಪ್ರಾರ್ಥನೆ ಮಾಡಿ, ಕೂಡಿ ಉಣ್ಣುತ್ತಿದ್ದರು. ಪಾಸ್ಟರ ಪ್ರಸಂಗ ಕೊಂಚ ಉದ್ದ. ಅವರು ಲೋಕ ಹುಟ್ಟಿದಲ್ಲಿಂದ ಶುರು ಮಾಡಿದರೆ ಮುಗಿಯುವ ಹೊತ್ತಿಗೆ ಸಾರು ಎರಡು ಸಲ ಆರಿ ಎರಡು ಸಲ ಕುದಿಯುತ್ತಿತ್ತು. ಸುವಾರ್ತಮ್ಮ ಹೇಳುವಳು: "ಪ್ರಾರ್ಥನಾ ಯಾರಾದ್ರೂ ಮಾಡ್ತಾರ್ರಿ. ಕೂಡಿ ಉಣ್ಣಾದು ಐತಲ್ಲ, ಅದಕ್ಕ ದೇವರ ಬೇಕು."

ಇಂಥವಳಿಗೆ, ಗೋಡೆ ಆಚೆ ಇದ್ದ ಒಬ್ಬಳೇ ಒಬ್ಬಳಿಗೆ ಉಣ್ಣಿಸಲು ಆಗಲಿಲ್ಲ. ಅವಳು ಶಿವಬಸಮ್ಮ, ಹಿಟ್ಟಿನ ಗಿರಣಿ ಏಕಾಂತಪ್ಪನ ಹೆಂಡತಿ.

ಎರಡೂ ಮನೆಯ ಹಿತ್ತಿಲ ನಡುವೆ ಎದೆಮಟ್ಟದ ಗೋಡೆ. ಆ ಗೋಡೆಯ ಮೇಲೆ ಮೊಣಕೈ ಊರಿ ಇಬ್ಬರೂ ಮಾತಾಡಿದ ಮಾತುಗಳನ್ನು ಚೀಲಕ್ಕೆ ತುಂಬಿದ್ದರೆ ಹನುಮಣ್ಣನ ಇಡೀ ಗ್ಯಾಂಗಿಗೆ ವರ್ಷವಿಡೀ ಹೊರುವ ಕೆಲಸವಿತ್ತು. ಏಕಾಂತಪ್ಪ ಹೆಂಡತಿಯ ಪಾಲನ್ನೂ ಸೇರಿಸಿ ಮೌನವಾಗಿದ್ದ ಮನುಷ್ಯ. ಗಿರಣಿಯ ಸದ್ದಿನಲ್ಲಿ ಮಾತು ವ್ಯರ್ಥವೆಂದು ಹರೆಯದಲ್ಲೇ ಬಿಟ್ಟಿದ್ದನಂತೆ.

ಕೆಟ್ಟದ್ದು ಒಂದು ಕೇಕಿನಿಂದ. ತೊಂಬತ್ಮೂರೋ ತೊಂಬತ್ನಾಲ್ಕೋ, ದೀಕ್ಷಾಸ್ನಾನದ ನಂತರದ ಮೊದಲ ಕ್ರಿಸ್ಮಸ್ಸು. ಬಳ್ಳಾರಿಯಿಂದ ಸಭೆಗೆ ಕೇಕು ಬಂತು. ಸುವಾರ್ತಮ್ಮ ಜನ್ಮದಲ್ಲಿ ಕೇಕು ಕಂಡವಳಲ್ಲ. ಪೇಡೆ ಇದ್ದ ಹಾಗೆ ಇದೂ ಅಂಗಡಿಯ ಸಿಹಿ, ಮನೆಯಲ್ಲಿ ಬೇಯಿಸಿದ್ದಲ್ಲ, ಲಿಂಗ ಕಟ್ಟಿದ ಶರಣರ ಮನೆಗೂ ನಡೆಯುತ್ತದೆ ಎಂದುಕೊಂಡು ಮೊದಲ ತುಂಡನ್ನು ಗೋಡೆ ಆಚೆ ದಾಟಿಸಿದಳು. ಶಿವಬಸಮ್ಮ ತಿಂದಳು. ಹಲ್ಲಿಲ್ಲದ ತನ್ನ ಅತ್ತೆ ಗುರುಬಸಮ್ಮನಿಗೂ ಮೆತ್ತಗೈತಿ ಎಂದು ತಿನ್ನಿಸಿದಳು. ಮುದುಕಿ ಇನ್ನೊಂದು ತುಂಡು ಕೇಳಿ ತಿಂದಳು.

ಮರುದಿನ ಹನುಮಣ್ಣ ಜೋಳ ಬೀಸಿಸಲು ಗಿರಣಿಗೆ ಹೋದವನು ಎಲ್ಲರೆದುರು ಎದೆಯುಬ್ಬಿಸಿ ಹೇಳಿದ: "ಕೇಕು ಮೆತ್ತಗ ಇರ್ಲಿಲ್ಲೇನ್ರಿ ಅಣ್ಣಾರ? ಒಂದಕ್ಕ ಡಜನ್ ಮೊಟ್ಟಿ ಒಡೀತಾರಂತ್ರಿ!"

ಗಿರಣಿ ಆ ಕ್ಷಣಕ್ಕೆ ತಾನಾಗಿಯೇ ನಿಂತಿತು.

ಗುರುಬಸಮ್ಮ ಅಂದು ಬಾಯಿ ತೊಳೆದ ನೀರಿಗೆ ತುಂಗಭದ್ರಾ ಡ್ಯಾಮು ಎರಡಡಿ ಇಳಿಯಿತು, ತಂಬ್ರಹಳ್ಳಿಯ ಕಡೆ ಮೀನು ಹಿಡಿಯುವವರು ಬಂದು ಏನಾಯಿತೆಂದು ವಿಚಾರಿಸಿದರು. ಮನೆ ತೊಳೆದರು, ಪಾತ್ರೆ ತೊಳೆದರು, ವಿಭೂತಿ ಬಳಿದರು. ಇಷ್ಟಕ್ಕೇ ನಿಂತಿದ್ದರೆ ನಗೆಚಾಟಿಕೆಯಾಗಿ ಹೋಗುತ್ತಿತ್ತು. ಆದರೆ ಮುದುಕಿ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಸೊಸೆಯ ಕೈಯನ್ನು ಅದರ ಮೇಲೆ ಇಡಿಸಿ, ಆಣೆ ಮಾಡಿಸಿದಳು: ಆ ಮನೆಯ ಒಂದು ಅಗುಳು, ಒಂದು ಹನಿ ನೀರು ಬಾಯಲ್ಲಿ ಇಡುವುದಿಲ್ಲ ಎಂದು.

ಸುವಾರ್ತಮ್ಮ ಗೋಡೆಯ ಬಳಿ ನಿಂತು ಅತ್ತಳು. "ಯಕ್ಕಾ, ನನಗ ಗೊತ್ತಿರ್ಲಿಲ್ಲ. ನಿನ್ನ ಬಾಯಿಗೆ ನಾನ ಹೊಲಸು ಹಾಕಿದೆ."

"ಅಳಬ್ಯಾಡಲೇ ದ್ಯಾಮಿ" ಎಂದಳು ಶಿವಬಸಮ್ಮ, ತಗ್ಗಿದ ದನಿಯಲ್ಲಿ. "ಚಲೋನ ಇತ್ತು. ನಮ್ಮತ್ತಿ ಎರಡು ತಿಂದಾಳ, ಅದಕ್ಕ ಅಷ್ಟು ಸಿಟ್ಟು."

ಅಂದಿನಿಂದ ಸುವಾರ್ತಮ್ಮನ ಮನಸ್ಸಿನಲ್ಲಿ ಒಂದೇ ಆಸೆ ಬೇರು ಬಿಟ್ಟಿತು. ತಪ್ಪು ಉಣಿಸಿದ ಕೈಯಿಂದ ಒಮ್ಮೆಯಾದರೂ ಸರಿಯಾಗಿ ಉಣಿಸಬೇಕು. ಕ್ರಿಸ್ಮಸ್ಸಿಗೆ ಮನೆಯಲ್ಲಿ ಮಾಂಸ ನಿಂತಿತು. ಸಭೆಯವರು ಗೊಣಗಿದರು. ಹನುಮಣ್ಣನಂತೂ ಪ್ರತಿವರ್ಷ ತಾಟಿನ ಮುಂದೆ ಕೂತು ನಿಟ್ಟುಸಿರು ಬಿಡುತ್ತಿದ್ದ: "ಲೋಕದಾಗ ಎಲ್ಲಾ ಕಡೆ ಸ್ವಾಮಿ ಹುಟ್ಟಿದ ಹಬ್ಬಕ್ಕ ಕುರಿ ಬೀಳ್ತೈತಿ. ನಮ್ಮ ಮನ್ಯಾಗ ಬದ್ನಿಕಾಯಿ ಬೀಳ್ತೈತಿ."

"ಯಕ್ಕ ಬಂದ್ರ ಏನು ಇಡ್ಲಿ?" ಎನ್ನುವಳು ಸುವಾರ್ತಮ್ಮ.

ಯಕ್ಕ ಬರುತ್ತಿದ್ದಳು. ಬಂದು ಹೊಸಿಲಾಚೆ ನಿಂತು, ಹಬ್ಬ ಚಲೋ ಆಗಲಿ ಎಂದು ಹರಸಿ, ಬಾಳೆಹಣ್ಣು ಸೆರಗಿಗೆ ಹಾಕಿಸಿಕೊಂಡು ಹೋಗುತ್ತಿದ್ದಳು. ಸುವಾರ್ತಮ್ಮನ ಜೋಳ ಏಕಾಂತಪ್ಪನ ಗಿರಣಿಯಲ್ಲೇ ಹಿಟ್ಟಾಗುತ್ತಿತ್ತು, ಆ ಹಿಟ್ಟನ್ನು ಶಿವಬಸಮ್ಮ ಕೈಯಿಂದ ಮುಟ್ಟಿ ನುಣುಪು ನೋಡುತ್ತಿದ್ದಳು. ಅದಕ್ಕೆ ನೀರು ಬಿದ್ದ ಗಳಿಗೆಯಿಂದ ಮಾತ್ರ ಜಾತಿ ಹುಟ್ಟುತ್ತಿತ್ತು. ಶಿವಬಸಮ್ಮ ತಾನು ಮಾಡಿದ ಹೋಳಿಗೆಯನ್ನು ಗೋಡೆಯಿಂದ ಈಚೆ ಕೊಡುವಳು, ಇವಳು ತಿನ್ನುವಳು. ಆ ಗೋಡೆಯ ಮೇಲೆ ಊಟ ಒಂದೇ ದಿಕ್ಕಿಗೆ ದಾಟುತ್ತಿತ್ತು.

ಗುರುಬಸಮ್ಮನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ಎತ್ತಿ ಕೂರಿಸಲು, ಹೊರಳಿಸಲು, ಮೈ ಒರೆಸಲು ಬಂದವಳು ಸುವಾರ್ತಮ್ಮನೇ. ಮುದುಕಿ ಬೇಡ ಅನ್ನಲಿಲ್ಲ. ನಾಲಗೆ ಅರ್ಧ ಬಿದ್ದಿದ್ದರೂ ಮಾತು ಖಡಕ್ಕಾಗಿತ್ತು: "ನಿನ್ನ ಕೈ ಬರ್ಲಿ. ನಿನ್ನ ಮನಿ ನೀರು ಬ್ಯಾಡ."

ಒಂದು ಸಂಜೆ ತಲೆ ಬಾಚುತ್ತ ಸುವಾರ್ತಮ್ಮ ಕೇಳಿಯೇಬಿಟ್ಟಳು. "ಅಮ್ಮಾರ, ನಿಮ್ಮ ಸೊಸಿ ಆಣಿ ಬಿಡಿಸ್ರಿ."

ಮುದುಕಿ "ನಾಳಿ ಬಾ, ನೋಡಾಣ" ಎಂದಳು. ನಾಳೆ ಬೆಳಗಿಗೆ ಅವಳಿರಲಿಲ್ಲ. ಆಣೆ ಹಾಕಿದವಳು ಹೋದಳು, ಆಣೆ ಉಳಿಯಿತು. ಶಿವಬಸಮ್ಮ ಸತ್ತವರ ಮಾತನ್ನು ಮುರಿಯುವ ಹೆಂಗಸಲ್ಲ.

ಎರಡು ಸಾವಿರದ ಮೂರನೇ ಇಸವಿ ಬೇಸಿಗೆಯಲ್ಲಿ ಶಿವಬಸಮ್ಮನಿಗೆ ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಳ್ಳಲು ಶುರುವಾಯಿತು. ಆಮೇಲೆ ಅನ್ನ. ಆಮೇಲೆ ಮಜ್ಜಿಗೆ ಅನ್ನ. ಏಕಾಂತಪ್ಪ ಗಿರಣಿಗೆ ಬೀಗ ಹಾಕಿ ಬಳ್ಳಾರಿ, ಹುಬ್ಬಳ್ಳಿ ಸುತ್ತಿಸಿದ. ಅನ್ನನಾಳದಲ್ಲಿ ಗಂಟು, ಹೊತ್ತು ಮೀರಿದೆ ಎಂದು ಹೇಳಿ ಕಳಿಸಿದರು. ಓಣಿಯ ಜೀವವಾಗಿದ್ದವಳು ಸಣ್ಣಗಾಗುತ್ತ ಹೋದಳು. ನಾನು ಎಲ್ಲವನ್ನೂ ಊದಿ ಹೇಳುವವನು, ಆದರೆ ಅವಳು ಎಷ್ಟು ಸಣ್ಣಗಾಗಿದ್ದಳು ಎನ್ನುವುದಕ್ಕೆ ನಾನು ಸೇರಿಸಬೇಕಾದದ್ದು ಏನೂ ಇರಲಿಲ್ಲ.

ಆ ಕ್ರಿಸ್ಮಸ್ಸಿನ ಹಿಂದಿನ ದಿನ ಗೋಡೆಯ ಆಚೆಯಿಂದ ಸುವಾರ್ತಮ್ಮನಿಗೆ ಕರೆ ಬಂತು.

"ಲೇ ದ್ಯಾಮಿ, ನಾಳಿ ನಿಮ್ಮ ಮನ್ಯಾಗ ಉಣ್ತೀನಿ."

ಸುವಾರ್ತಮ್ಮ ಕೊಡ ಕೆಳಗಿಟ್ಟು ಗೋಡೆಗೆ ಬಂದಳು. "ಆಣಿ, ಯಕ್ಕಾ?"

"ಮ್ಯಾಲ ಹೋಗಿ ನಮ್ಮತ್ತಿಗೆ ನಾನ ಉತ್ರ ಹೇಳ್ತೀನಿ. ಎರಡು ತುಂಡು ತಿಂದಾಕಿ ನನಗೇನು ಅಂದಾಳು?"

ಆ ರಾತ್ರಿಯಿಡೀ ಸುವಾರ್ತಮ್ಮ ಒಲೆಯ ಮುಂದೆಯೇ ಇದ್ದಳಂತೆ. ಹೊಸ ಹಂಚು, ಹೊಸ ಗಡಿಗೆ. ಎಣಗಾಯಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಹೋಳಿಗೆ. ಇಲ್ಲೇ ಅವಳು ತಪ್ಪಿದ್ದು. ಉಣ್ಣುತ್ತೇನೆ ಎಂಬ ಮಾತು ಕೇಳಿದ್ದೇ ತಡ, ಯಾರು ಉಣ್ಣುತ್ತೇನೆ ಅಂದರು, ಅವರ ಗಂಟಲು ಹೇಗಿದೆ ಎಂಬುದೇ ಅವಳಿಗೆ ಮರೆತುಹೋಯಿತು. ವರ್ಷಗಟ್ಟಲೆ ಮನಸ್ಸಿನಲ್ಲಿ ಬಡಿಸಿ ಬಡಿಸಿ ಇಟ್ಟಿದ್ದ ಊಟ ಅದು, ಅದರಲ್ಲಿ ಗಂಜಿ ಇರಲಿಲ್ಲ.

ಮಧ್ಯಾಹ್ನ ಆರಾಧನೆ ಮುಗಿದು ಮನೆಯೊಳಗೆ ಪಡಸಾಲೆಯಲ್ಲಿ ಪಂಕ್ತಿ ಹಾಕಿದ್ದರು. ಶಿವಬಸಮ್ಮ ಏಕಾಂತಪ್ಪನ ಹೆಗಲು ಹಿಡಿದುಕೊಂಡು ಬಂದಳು. ಅವನು ಚಪ್ಪಲಿಯ ಪಕ್ಕ ನಿಂತ, ಅವಳು ಹೊಸಿಲು ದಾಟಿದಳು. ಪಾಸ್ಟರು ಎದ್ದು ಜಾಗ ಬಿಟ್ಟರು. ಸುವಾರ್ತಮ್ಮ ಎಲೆಯಂಥ ರೊಟ್ಟಿಯನ್ನು ತಾಟಿಗೆ ಹಾಕಿದಳು. ಎಲ್ಲರ ಕೈಗಳೂ ತಾಟಿನಲ್ಲೇ ನಿಂತವು.

ಶಿವಬಸಮ್ಮ ರೊಟ್ಟಿ ಮುರಿದು, ಎಣಗಾಯಿಗೆ ಅದ್ದಿ, ಬಾಯಿಗಿಟ್ಟಳು. ಅಗಿದಳು. ಕಣ್ಣು ಮುಚ್ಚಿ ಅಗಿದಳು. ಒಮ್ಮೆ ನುಂಗಲು ನೋಡಿದಳು, ಕುತ್ತಿಗೆಯ ನರ ಎದ್ದು ನಿಂತಿತು. ಇನ್ನೊಮ್ಮೆ ನೋಡಿದಳು. ಕೊನೆಗೆ ಮುಖ ಪಕ್ಕಕ್ಕೆ ತಿರುಗಿಸಿ, ತುತ್ತನ್ನು ಸೆರಗಿನ ತುದಿಗೆ ತೆಗೆದು ಗಂಟು ಹಾಕಿಕೊಂಡಳು.

"ಆಗ ಗಂಟಲಿತ್ತು, ಆಣಿ ಬಿಡಲಿಲ್ಲ" ಎಂದಳು. "ಈಗ ಆಣಿ ಬಿಟ್ಟೆ, ಗಂಟಲು ಬಿಡವಲ್ದಲೇ."

ಸುವಾರ್ತಮ್ಮ ಗಂಜಿ ಕಾಸಲು ಎದ್ದಳು. ಶಿವಬಸಮ್ಮ ಅವಳ ಕೈ ಹಿಡಿದು ಕೂರಿಸಿದಳು. "ಕುಂದ್ರು. ಗಂಜಿ ನಮ್ಮ ಮನ್ಯಾಗೂ ಹೋಗವಲ್ದು. ಈ ತಾಟಿನಾಗಿಂದು ನೀನ ಉಣ್ಣು, ನಾನು ನೋಡ್ತೀನಿ."

"ಮಂದಿ ಉಣ್ಣಾದು ಐತಿ, ಯಕ್ಕಾ..."

"ಮಂದಿ ಉಣ್ತಾರ. ನೀ ಉಣ್ಣು."

ಅತಿಥಿಗಳೆಲ್ಲ ಎದ್ದ ಮೇಲೆ ತಳದ ಅನ್ನ ಉಣ್ಣುವುದೇ ರೂಢಿಯಾಗಿದ್ದವಳು, ಪಂಕ್ತಿಯ ನಡುವೆ ಕೂತು, ಗೆಳತಿಯ ಎಂಜಲು ತಾಟಿಗೆ ಕೈ ಹಾಕಿದಳು. ಒಂದು ತುತ್ತು ತಿಂದಳು. ಶಿವಬಸಮ್ಮ ಅವಳ ಬಾಯಿಯನ್ನೇ ನೋಡುತ್ತ, "ಉಪ್ಪು ಹೆಂಗೈತಿ?" ಎಂದಳು.

"ಸ್ವಲ್ಪ ಕಡಿಮಿ ಆಗೇತಿ."

"ಹಂಗ ಅಳು ಮತ್ತ, ಬರೋಬ್ಬರಿ ಆಗ್ತೈತಿ."

ಪಂಕ್ತಿಯಲ್ಲಿ ಒಬ್ಬಿಬ್ಬರು ನಕ್ಕರು. ಹನುಮಣ್ಣ ನೀರಿನ ಚೊಂಬು ಹಿಡಿದು ಹಿತ್ತಿಲಿಗೆ ಹೋದವನು ಬಹಳ ಹೊತ್ತು ಈಚೆ ಬರಲಿಲ್ಲ. ಸುವಾರ್ತಮ್ಮ ತಾಟು ಖಾಲಿಯಾಗುವ ತನಕ ಉಂಡಳು. ಹೋಳಿಗೆಯನ್ನೂ ಬಿಡಲಿಲ್ಲ. ಶಿವಬಸಮ್ಮ ಬಿಡಗೊಡಲಿಲ್ಲ.

ಸಂಕ್ರಾಂತಿಗೆ ಮೊದಲೇ ಶಿವಬಸಮ್ಮ ತೀರಿಕೊಂಡಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಓಣಿಯವರು ಸರದಿಯ ಮೇಲೆ ರೊಟ್ಟಿ ಪಲ್ಯ ಒಯ್ಯುವುದು ನಮ್ಮಲ್ಲಿ ನಡೆದು ಬಂದದ್ದು. ಮಣ್ಣು ಮಾಡಿ ಬಂದ ಮಧ್ಯಾಹ್ನ ಸುವಾರ್ತಮ್ಮ ಬುಟ್ಟಿ ಹೊತ್ತು ಹೋದಳು. ಕೊಟ್ಟೂರಿನಿಂದ ಬಂದಿದ್ದ ಬೀಗರು ಬುಟ್ಟಿಯನ್ನೂ ಅವಳನ್ನೂ ನೋಡಿ, ಕಟ್ಟೆಯ ಮೇಲೆ ಇಟ್ಟು ಹೋಗವ್ವ ಎಂದರು. ಅವಳು ಇಟ್ಟಳು. ಏಕಾಂತಪ್ಪ ಒಳಗಿನಿಂದ ಎದ್ದು ಬಂದು, ಕಟ್ಟೆಯ ಮೇಲೆಯೇ ಬುಟ್ಟಿಯ ಪಕ್ಕ ಕೂತು, ಬಟ್ಟೆ ಸರಿಸಿ ಒಂದು ರೊಟ್ಟಿ ತೆಗೆದುಕೊಂಡ. ಬೀಗರು ಮುಖ ತಿರುಗಿಸಿಕೊಂಡರು. ಅವನು ಅರ್ಧ ತಿಂದು ನಿಲ್ಲಿಸಿದ. ನಾನು ಅವನ ಬಾಯಿಂದ ಒಂದೇ ಸಲಕ್ಕೆ ಅಷ್ಟು ಮಾತು ಕೇಳಿದ್ದು ಅದೇ ಮೊದಲು.

"ತಂಗಿ, ನೀನು ಹಂಚಿನ ಮ್ಯಾಲ ರೊಟ್ಟಿ ಹಾಕೋ ಹೊತ್ತಿಗೆ ಆಕಿ ದಿನಾ ಹಿತ್ಲಾಗ ಹೋಗಿ ನಿಂದ್ರತಿದ್ಲು. ಏನ್ ಮಾಡಾಕತ್ತಿ ಅಂದ್ರ, ಏನಿಲ್ಲ, ಸುಮ್ನ ನಿಂತೀನಿ ಅಂತಿದ್ಲು."

ಸುವಾರ್ತಮ್ಮ ಕಟ್ಟೆಯ ಕೆಳಗೆ, ಧೂಳಿನಲ್ಲೇ ಕೂತಳು.

"ಬರೇ ವಾಸನಿ ಉಂಡು ಹೋದ್ಲೇನ್ರಿ ಅಣ್ಣಾರ" ಎಂದಳು.

ಏಕಾಂತಪ್ಪ ಉಳಿದರ್ಧ ರೊಟ್ಟಿಯನ್ನು ಅವಳ ಕೈಗೆ ಕೊಟ್ಟ. ಅವಳು ಹಿಡಿದುಕೊಂಡಳು, ತಿನ್ನಲಿಲ್ಲ.