ಕುಣಿಸುವ ಹಾಡಿನೊಳಗಿನ ಅಳು

ಹಾಡು ಕಿವಿಗೆ ಬಿದ್ದರೆ ಸಾಕು, ನನ್ನ ಪಾದಗಳು ನನ್ನನ್ನು ಕೇಳದೆಯೇ ತಾಳ ಹಾಕತೊಡಗುತ್ತವೆ. ರಾಯಚೂರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ, ಒಂದೇ ಷಟ್ಪದಿಯ ಭಾವಾರ್ಥವನ್ನು ಎರಡು ಪೀರಿಯಡ್ ಎಳೆದ ಈ ಪಂಡಿತನಿಗೆ ಲಯವೊಂದು ಸಿಕ್ಕರೆ ಸಾಹಿತ್ಯದ ಗೊಡವೆಯೇ ಇರುವುದಿಲ್ಲ. ಈ ದೌರ್ಬಲ್ಯವನ್ನು ನಾನು ರಸಿಕತೆಯೆಂದು ಕರೆದುಕೊಂಡಿದ್ದೇನೆ. ನನ್ನಾಕೆ ಇಟ್ಟಿರುವ ಹೆಸರು ಅಚ್ಚಿಗೆ ಯೋಗ್ಯವಲ್ಲ.

ಮಾನ್ವಿಯಲ್ಲಿರುವ ನನ್ನ ತಮ್ಮ ಬಸವರಾಜನ ಮಗಳು ಸುಮಾ ಹಾಡು ಕಟ್ಟುತ್ತಾಳೆ. ಗೆಳತಿಯ ಮನೆಯ ಹಳೆಯ ಕೀಬೋರ್ಡು, ಕ್ಯಾಸೆಟ್ ಕಾಲದ ಮದುವೆ ವಿಡಿಯೋಗಳಲ್ಲಿ ಕೇಳುತ್ತಿದ್ದಂಥ ಟಣಟಣ ನಾದ, ಹಿಂದೆ ಚಪ್ಪಾಳೆ. ಇದಕ್ಕೆ ಇಂಡಿ ಪಾಪ್ ಎನ್ನುತ್ತಾರಂತೆ. ಕಳೆದ ವರ್ಷ ಅವಳ ನಿಶ್ಚಯವಾಗಿದ್ದ ಮದುವೆಯನ್ನು ಗಂಡಿನ ಕಡೆಯವರು ಮುರಿದಿದ್ದರು. ಹೀಗಾಗಿ ಆರು ತಿಂಗಳ ಹಿಂದೆ ಅವಳ ಹೊಸ ಹಾಡು ಬಂದಾಗ ಇಡೀ ಬಳಗಕ್ಕೆ ಹೋದ ಜೀವ ಬಂದಂತಾಯಿತು. ಮನೆಯ ಸೀಮಂತವೊಂದರಲ್ಲಿ ಅದನ್ನೇ ಹಾಕಿ ಎಲ್ಲರೂ ಕುಣಿದೆವು. ಮಂಡಿನೋವನ್ನು ಮನೆಯಲ್ಲೇ ಬಿಟ್ಟು ಬಂದವನಂತೆ ನಾನೂ ಕುಣಿದೆ.

"ಹುಡುಗಿ ಎಲ್ಲಾ ಮರತಾಳ ಬಸು. ಹಾಡಿನ್ಯಾಗ ಗೊತ್ತಾಗತದ ನೋಡು," ಎಂದು ತೀರ್ಪು ಕೊಟ್ಟವನೂ ನಾನೇ. ಆ ತೀರ್ಪನ್ನು ನಂಬಿ ತಮ್ಮ ಗಿಲ್ಲೆಸುಗೂರಿನ ಸಂಬಂಧವೊಂದನ್ನು ಕುದುರಿಸಿದ. ಗುರುವಾರ ನಿಶ್ಚಿತಾರ್ಥವೆಂದು ಗೊತ್ತಾಯಿತು.

ಉಡುಗೊರೆಗೆಂದು ಆ ಹಾಡನ್ನೇ ನನ್ನ ದುಂಡನೆಯ ಅಕ್ಷರದಲ್ಲಿ ಬರೆದು ಗಾಜಿನ ಕಟ್ಟು ಹಾಕಿಸುವ ಉಮೇದು ನನಗೆ ಹುಟ್ಟಿತು. ಬುಧವಾರ ಬೆಳಿಗ್ಗೆ ಕುಳಿತು, ಒಂದು ಸಾಲು ಕೇಳಿ, ನಿಲ್ಲಿಸಿ, ಬರೆದೆ. ಲೇಖನಿ ಹಿಡಿದವನಿಗೆ ಮಾತು ಕೇಳದೆ ಗತ್ಯಂತರವಿರಲಿಲ್ಲ.

"ಉಂಡೀನಿ ಅಂತ ಹೇಳಿದೆ, ತಾಟು ಯಾರೂ ನೋಡಲಿಲ್ಲ. ಹೊಸ ಸೀರಿ ತರಬ್ಯಾಡ್ರಿ, ಹಳೇ ಅಳು ಮುಗದಿಲ್ಲ."

ಬರೆದು ಮುಗಿಸುವಷ್ಟರಲ್ಲಿ ನನ್ನ ಪಾದಗಳು ನಿಂತುಹೋಗಿದ್ದವು. ನಾಚಿಕೆಯಾಯಿತು, ಓದುಗರೇ, ಹೆಚ್ಚಾಗಿ ಭಯವಾಯಿತು.

ಇದು ನನಗೆ ತಿಳಿಯದ ವಿದ್ಯೆಯೇನಲ್ಲ. ದೇವದುರ್ಗದ ಹತ್ತಿರದ ಮಸರಕಲ್ ನಮ್ಮೂರು. ಮೊಹರಮ್ಮಿನಲ್ಲಿ ಅಲಾಯಿ ಕುಣಿಯೆಂದು ತೋಡಿದ ಗುಂಡಿಯ ಬೆಂಕಿಯ ಸುತ್ತ, ಕುರಿ ಕಾಯುವ ನಮ್ಮ ಮನೆಯವರೂ ಸಂತೆಯಲ್ಲಿ ಬಟ್ಟೆ ಮಾರುವ ಸಾಬರ ಮನೆಯವರೂ ಒಂದೇ ಸಾಲಿನಲ್ಲಿ ಹೆಜ್ಜೆ ಹಾಕುತ್ತಿದ್ದರು. ಹಲಗೆ ವಾದ್ಯದ ಬಡಿತಕ್ಕೆ ಸತ್ತವನೂ ಎದ್ದು ಕುಣಿಯಬೇಕು. ಹಾಡಿನಲ್ಲಿ ಮಾತ್ರ ರಣದಲ್ಲಿ ನೀರಿಲ್ಲದೆ ಮಡಿದ ಮಕ್ಕಳ ಕಥೆ. ಒಮ್ಮೆ ನಮ್ಮಜ್ಜಿ ಹೆಜ್ಜೆ ತಪ್ಪದೆ ಅಳುತ್ತಿದ್ದಳು. ಯಾಕೆಂದು ಕೇಳಿದ್ದಕ್ಕೆ, "ಕಾಲು ಹಲಗಿ ಕೇಳಾಕತ್ತಾವಪ್ಪಾ, ನಾ ಹಾಡು ಕೇಳಾಕತ್ತೀನಿ," ಎಂದಿದ್ದಳು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಮೊಮ್ಮಗನಿಗೆ ಬಂದದ್ದು ಅಕ್ಷರವಷ್ಟೇ.

ಮಧ್ಯಾಹ್ನದ ಬಸ್ಸು ಹಿಡಿದು ಮಾನ್ವಿಗೆ ಹೋದೆ. ಪಡಸಾಲೆಯಲ್ಲಿ ತಮ್ಮ ನಾಳೆಯ ಹೂವಿನ ಲೆಕ್ಕ ಹಾಕುತ್ತಿದ್ದ. ಸುಮಾ ಬಾಗಿಲ ಬಳಿ ನಿಂತಿದ್ದಳು. ನಾನು ಹಾಳೆ ತೆಗೆದು, ರಾಗವಿಲ್ಲದೆ, ತಾಳವಿಲ್ಲದೆ, ತರಗತಿಯಲ್ಲಿ ಗದ್ಯ ಓದುವವನ ಹಾಗೆ ಓದಿದೆ. ತಮ್ಮ ಮೊದಲು ನಕ್ಕ, ಮೂರನೆಯ ಸಾಲಿಗೆ ನಗು ಬಿಟ್ಟು ಮಗಳ ಕಡೆ ತಿರುಗಿದ.

"ಇದು ಆ ಕುಣಿಯೋ ಹಾಡೇನವ್ವಾ?"

"ಹೂಂ ಯಪ್ಪಾ. ಅದನ್ನ ಅಳಕೋಂತ ಹಾಡಿದ್ರ ನೀವು ಪೂರ್ತಿ ಕೇಳ್ತಿರಲಿಲ್ಲ."

"ನಾಳೆ ಬರೋರು?"

"ಒಲ್ಲೆ ಯಪ್ಪಾ. ಈಗ ಒಲ್ಲೆ."

ಎಲ್ಲ ತಪ್ಪೂ ನನ್ನದೆಂದು ಹೇಳಲು ನಾನು ಬಾಯಿ ತೆರೆದೆ. ತಮ್ಮ ಕೈ ಸನ್ನೆಯಿಂದ ತಡೆದು, ಫೋನು ಎತ್ತಿ ಗಿಲ್ಲೆಸುಗೂರಿಗೆ ಹಚ್ಚಿದ.

"ನಾಳೆ ಬರಬ್ಯಾಡ್ರಿ, ತಪ್ಪು ತಿಳಕೋಬ್ಯಾಡ್ರಿ. ಹುಡುಗಿ ಒಲ್ಲೆ ಅಂದಾಳ."

ಯಾವಾಗ ಅಂದಳೆಂದು ಆ ಕಡೆಯವರು ಸಿಟ್ಟಿನಿಂದ ಕೇಳಿದ್ದು ನನಗೂ ಕೇಳಿಸಿತು. ತಮ್ಮ ಮಗಳ ಮುಖ ನೋಡಿ ಮೆಲ್ಲಗೆ ಹೇಳಿದ:

"ಆರು ತಿಂಗಳಾತ್ರೀ. ನಾವು ಕುಣಿಯಾಕತ್ತಿದ್ವಿ."